ಪ್ರತಿಕ್ರಿಯೆ: ಮಾಂಟ್ ಬ್ಲಾಂಕ್‌ನಲ್ಲಿ ಕಂಡ ತುಂಡು ಭಾಭಾ ಇದ್ದ ವಿಮಾನದ್ದಾ?

ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತದಲ್ಲಿ ಕಂಡ ವಿಮಾನದ ತುಂಡು, ಅಣುವಿಜ್ಞಾನಿ ಹೋಮಿ ಭಾಭಾ ಇದ್ದ ವಿಮಾನದ್ದಾ ಅಂತ ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ, ಅಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಏರ್ ಇಂಡಿಯಾದ ಎರಡು ವಿಮಾನ ಬಿದ್ದಿವೆ. 1950ರ ನವೆಂಬರ್ 3ರಂದು ‘ಮಲಬಾರ್ ಪ್ರಿನ್ಸೆಸ್’, ಸತ್ತವರು 48. 1966ರ ಜನವರಿ 24ರಂದು ‘ಕಾಂಚನಜುಂಗಾ’, ಸತ್ತವರು 117. ಹೋಮಿ ಭಾಭಾ ಇದ್ದದ್ದು ಎರಡನೆಯದರಲ್ಲಿ. ಎರಡರ ಅವಶೇಷವನ್ನೂ ಬೊಸ್ಸೊಂ ಹಿಮನದಿ ನಿಧಾನವಾಗಿ ಕೆಳಗೆ ತಂದು ಹಾಕುತ್ತಿದೆ.

ಮೊದಲು ನೀವು ತೆಗೆದ ಫೋಟೋ ದೊಡ್ಡದು ಮಾಡಿ ನೋಡಿ. ಪ್ರೊಪೆಲರ್ ಅಥವಾ ಪಿಸ್ಟನ್ ಎಂಜಿನ್‌ನ ಸಿಲಿಂಡರ್ ಕಂಡರೆ 1950ರದ್ದು, ಅದು ಕಾನ್‌ಸ್ಟೆಲೇಷನ್ ಅನ್ನೋ ಪ್ರೊಪೆಲರ್ ವಿಮಾನ. ಸಾಲಾಗಿ ಜೋಡಿಸಿದ ಸಣ್ಣ ಟರ್ಬೈನ್ ಬ್ಲೇಡ್ ಇದ್ದರೆ ಬೋಯಿಂಗ್ 707 ಜೆಟ್ ವಿಮಾನ, ಅಂದರೆ 1966ರದ್ದು. ಬರೀ ತಗಡಾದರೆ ಫೋಟೋ ನೋಡಿ ಹೇಳುವುದು ಕಷ್ಟ. ಆಮೇಲೆ ಸುತ್ತಮುತ್ತ ಕಾಗದ ಏನಾದರೂ ಇತ್ತಾ ನೋಡಿ. 2020ರಲ್ಲಿ ಅದೇ ಹಿಮನದಿಯಲ್ಲಿ ಸಿಕ್ಕ ಪತ್ರಿಕೆಗಳಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಆಯ್ಕೆಯಾದ ಸುದ್ದಿ ಇತ್ತು, ಅಂದರೆ ಅವು 1966ರ ವಿಮಾನದ್ದು. ಅಕ್ಷರ ಇನ್ನೂ ಓದುವ ಹಾಗಿತ್ತು!

ಏನನ್ನಾದರೂ ಎತ್ತಿಕೊಂಡು ಬಂದಿದ್ದರೆ ಸುಮ್ನೆ ಇಟ್ಟುಕೊಳ್ಳಬೇಡಿ, ಪರ್ವತದ ಬುಡದ ಊರು ಶಾಮೊನಿಯ ಪೊಲೀಸರಿಗೆ ಕೊಡಿ. 2013ರಲ್ಲಿ ಅಲ್ಲಿ ಪಚ್ಚೆ, ನೀಲಮಣಿ ತುಂಬಿದ ಪೆಟ್ಟಿಗೆ ಸಿಕ್ಕ ಪರ್ವತಾರೋಹಿ ಅದನ್ನು ಪೊಲೀಸರಿಗೇ ಕೊಟ್ಟ. 2021ರಲ್ಲಿ ಹರಳುಗಳಲ್ಲಿ ಅರ್ಧ ಪಾಲು ಅವನಿಗೇ ಬಂತು. ಕೊಡುವಾಗ ಎಲ್ಲಿ, ಯಾವತ್ತು ಸಿಕ್ಕಿತು ಅಂತ ಬರೆದುಕೊಡಿ.