ವಾಹನ ಪ್ರಶ್ನೋತ್ತರ: ಸೆಕೆಂಡ್ ಹ್ಯಾಂಡ್ ಬಾಕ್ಸ್‌ಟರ್ ಕೊಳ್ಳುವ ಮುನ್ನ, ಕೊಂಡ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಕಾರನ್ನು ಕುರಿತಿವೆ. ಇಬ್ಬರಿಗಷ್ಟೇ ಜಾಗವಿರುವ, ಚಾವಣಿ ಮಡಚಬಹುದಾದ, ಎಂಜಿನ್ ಸೀಟುಗಳ ಬೆನ್ನಿಗೂ ಹಿಂದಿನ ಚಕ್ರಗಳಿಗೂ ನಡುವೆ ಕುಳಿತಿರುವ ಸ್ಪೋರ್ಟ್ಸ್ ಕಾರು ಅದು; ಹೆಚ್ಚಿನವರು ಕೇಳಿರುವುದು ಪೋರ್ಷೆ ಕಂಪನಿಯ ಬಾಕ್ಸ್‌ಟರ್ ಬಗ್ಗೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದೇನೆ. 2002ರ ಮಾದರಿಯ ಪೋರ್ಷೆ ಬಾಕ್ಸ್‌ಟರ್ ಎಸ್ ಒಂದು ಹೊಸ ಸಾಧಾರಣ ಕಾರಿನ ಅರ್ಧ ಬೆಲೆಗೂ ಕಡಿಮೆಗೆ ಮಾರಾಟಕ್ಕಿದೆ. ಎಂಜಿನ್ನಿನೊಳಗಿನ ಬೇರಿಂಗ್ ಒಂದು ಒಡೆದರೆ ಎಂಜಿನ್ನೇ ಹೋಗುತ್ತದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ಕೊಳ್ಳಬಹುದೆ?

ಉತ್ತರ: ಕೊಳ್ಳಬಹುದು, ಆದರೆ ಮೈಬಣ್ಣಕ್ಕೂ ಬೆಲೆಗೂ ಮರುಳಾಗದೆ ಅದರ ಕಾಗದಪತ್ರಗಳನ್ನು ನೋಡಿ ಕೊಳ್ಳಬೇಕು. ನಿಮ್ಮ ಗೆಳೆಯರ ಭಯ ಬುಡವಿಲ್ಲದ್ದಲ್ಲ. ಈ ಕಾರಿನ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಯನ್ನು ಚೈನುಗಳ ಮೂಲಕ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟುಗಳಿಗೆ ಮುಟ್ಟಿಸುವ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡವಿದೆ. ಫ್ಲೈವೀಲ್ (ಎಂಜಿನ್ನಿನ ತುದಿಯ ಭಾರವಾದ ಚಕ್ರ) ಇರುವ ಕಡೆ ಅದನ್ನು ಹೊತ್ತಿರುವುದು ಒಳಗೆ ಗ್ರೀಸ್ ತುಂಬಿ ಸೀಲ್ ಮಾಡಿದ ಬಾಲ್ ಬೇರಿಂಗ್. ವರ್ಷಗಳು ಕಳೆದು ಸೀಲ್ ಸವೆದಾಗ ಎಂಜಿನ್ ಆಯಿಲ್ ಒಳನುಗ್ಗಿ ಗ್ರೀಸನ್ನು ತೊಳೆದುಹಾಕುತ್ತದೆ. ಹೊಸ ಆಯಿಲ್ ಸರಾಗವಾಗಿ ಹರಿದುಬರುವ ದಾರಿಯೂ ಅಲ್ಲಿಲ್ಲದ ಕಾರಣ ಗುಂಡುಗಳು ಸವೆಯುತ್ತವೆ, ದಂಡ ಓಲಾಡತೊಡಗುತ್ತದೆ, ಚೈನ್ ತನ್ನ ಲೆಕ್ಕ ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಮೊದಮೊದಲ ಎಂಜಿನ್ನುಗಳಲ್ಲಿ ಈ ಬೇರಿಂಗಿಗೆ ಎರಡು ಸಾಲು ಗುಂಡುಗಳಿದ್ದವು, ಆಮೇಲಿನವುಗಳಲ್ಲಿ ಒಂದೇ ಸಾಲು. ನೀವು ನೋಡಿರುವ ಕಾರು ಒಂದೇ ಸಾಲಿನ ಕಾಲದ್ದು. 2001ರ ಮೇ ತಿಂಗಳಿನಿಂದ 2005ರ ಫೆಬ್ರವರಿವರೆಗೆ ತಯಾರಾದ ಕಾರುಗಳ ಬಗ್ಗೆ ಅಮೆರಿಕದಲ್ಲಿ ನಡೆದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಅದರ ಪರಿಹಾರದ ಅವಧಿ ಎಂದೋ ದಾಟಿರುವುದರಿಂದ ಈಗಿನ ಖರೀದಿದಾರರಿಗೆ ಅದರಿಂದ ಪ್ರಯೋಜನವಿಲ್ಲ.

ಈ ಬೇರಿಂಗನ್ನು ತಲುಪಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಇಳಿಸಬೇಕು. ಆದ್ದರಿಂದಲೇ ತಿಳಿದವರು ಕ್ಲಚ್ ಬದಲಿಸುವಾಗ ಬೇರಿಂಗನ್ನೂ, ಅದರ ಪಕ್ಕದಲ್ಲೇ ಆಯಿಲ್ ಜಿನುಗುವ ಹಿಂದಿನ ಮೇನ್ ಸೀಲನ್ನೂ ಒಟ್ಟಿಗೆ ಬದಲಿಸಿಬಿಡುತ್ತಾರೆ. ಮಾರುವವರು "ಎಲ್ಲ ಮಾಡಿಸಿದೆ" ಎಂದರೆ ಸಾಲದು; ಯಾವ ಬೇರಿಂಗ್, ಎಷ್ಟು ಮೈಲಿ ಓಡಿದಾಗ, ಯಾವ ಗ್ಯಾರೇಜಿನಲ್ಲಿ ಎಂಬುದು ಬಿಲ್ಲಿನಲ್ಲಿರಬೇಕು. ಬಿಲ್ಲಿಲ್ಲದಿದ್ದರೆ ಆ ಕೆಲಸ ಆಗಿಲ್ಲವೆಂದೇ ತಿಳಿದು, ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಮಾತಾಡಿ.

ಕೊಳ್ಳುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ, ಈ ಕಾರುಗಳನ್ನೇ ದಿನವೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿ. ಅವರು ಆಯಿಲ್ ಫಿಲ್ಟರನ್ನು ಹೊರತೆಗೆದು, ಅದರ ಮಡಿಕೆಯ ಕಾಗದವನ್ನು ಕತ್ತರಿಸಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ಮಿನುಗುವ ಚೂರುಗಳು ಕಂಡು, ಆಯಸ್ಕಾಂತಕ್ಕೆ ಅವು ಅಂಟಿಕೊಂಡರೆ ಆ ಕಾರಿನ ಆಸೆ ಬಿಡುವುದೇ ಲೇಸು. ಚಾಲಕರು ಎಂದಾದರೂ ತಪ್ಪು ಗೇರಿಗೆ ಇಳಿಸಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದ್ದರೆ ಅದು ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ಅದನ್ನೂ ಓದಿಸಿ. ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಎಂಜಿನ್ ಬಿಸಿಯಾಗಿ ನಿಧಾನಗತಿಯಲ್ಲಿ ತಿರುಗುತ್ತಿರುವಾಗ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಮುಚ್ಚಳವನ್ನು ತಿರುಗಿಸಿ ಎತ್ತಿನೋಡಿ. ಒಳಗಿನಿಂದ ಯಾರೋ ಹಿಡಿದೆಳೆದಂತೆ ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಎಂಜಿನ್ನಿನೊಳಗಿನ ಆವಿಯಿಂದ ಆಯಿಲನ್ನು ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಕೆಟ್ಟಿದೆ ಎಂದರ್ಥ. ಹಾಗೆ ಕೆಟ್ಟಾಗ ಸೈಲೆನ್ಸರಿನಿಂದ ದಟ್ಟ ಹೊಗೆ ಬಂದು ನಿಲ್ಲುವುದೇ ಇಲ್ಲ. ಸಿಲಿಂಡರುಗಳು ಅಡ್ಡಡ್ಡಲಾಗಿ ಮಲಗಿರುವ ಎಂಜಿನ್ನಿನಲ್ಲಿ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಹೊಗೆ ಕಾಣುವುದು ಸಹಜ, ಅದಕ್ಕೆ ಹೆದರಬೇಕಿಲ್ಲ.

ಬೇರಿಂಗಿನ ಚರ್ಚೆಯಲ್ಲಿ ಕೂಲಿಂಗ್ ವ್ಯವಸ್ಥೆ ಮರೆತುಹೋಗುತ್ತದೆ ಎಂಬುದು ನನ್ನ ಕೊರಗು. ಎಂಜಿನ್ ಹಿಂದಿದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಬದಿಗಳಲ್ಲಿವೆ, ಎಸ್ ಮಾದರಿಯಲ್ಲಿ ನಡುವೆ ಮೂರನೆಯದೂ ಇದೆ. ಬಂಪರಿನ ಬಾಯಿಯೊಳಗೆ ಸೇರಿದ ಒಣಗಿದೆಲೆ ಅಲ್ಲೇ ನೆನೆದು ಕೊಳೆತು, ಮೊದಲು ಎ.ಸಿ. ಕಂಡೆನ್ಸರನ್ನೂ ಆಮೇಲೆ ರೇಡಿಯೇಟರನ್ನೂ ತಿಂದುಹಾಕುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಅದನ್ನು ತೆಗೆಸಿ. ವಾಟರ್ ಪಂಪಿನ ಪ್ಲಾಸ್ಟಿಕ್ ರೆಕ್ಕೆಗಳು ಮುರಿದರೆ ಚೂರುಗಳು ನೀರಿನ ದಾರಿಗಳಲ್ಲಿ ಸಿಕ್ಕಿಕೊಳ್ಳುವುದರಿಂದ, ಹಳೆಯ ಪಂಪ್ ಸೋರುವವರೆಗೆ ಕಾಯದೆ ಬದಲಿಸಿಬಿಡುವುದು ಜಾಣತನ. ಎಂಜಿನ್ ಆಯಿಲನ್ನು ಎಂಟು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಬದಲಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಕಾರನ್ನು ಓಡಿಸಿ, ದೂರ ಓಡಿಸಿ. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿದ, ಅತಿ ಕಡಿಮೆ ಓಡಿದ ಕಾರಿಗಿಂತ, ಬಿಲ್ಲುಗಳ ಕಟ್ಟಿನೊಡನೆ ಲಕ್ಷ ಮೈಲಿ ಓಡಿದ ಕಾರನ್ನೇ ನಾನು ಆರಿಸುತ್ತೇನೆ.

ಬೇರಿಂಗಿನ ಚಿಂತೆಯೇ ಬೇಡವೆಂದರೆ 2009ರ ಮಾದರಿ ಅಥವಾ ಅದರ ನಂತರದ್ದನ್ನು ನೋಡಿ. ಅದರ ಹೊಸ ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟೇ ಇಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ 2001ರ ಬಾಕ್ಸ್‌ಟರ್ ರಸ್ತೆಬದಿಯ ಮರದಡಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಕಾರ್ಪೆಟ್ ಒದ್ದೆಯಾಗಿ ವಾಸನೆ ಬರುತ್ತಿದೆ, ಈಗ ರಿಮೋಟ್ ಕೆಲಸ ಮಾಡುತ್ತಿಲ್ಲ, ಕಾರು ಸ್ಟಾರ್ಟ್ ಆಗುತ್ತಿಲ್ಲ. ಚಾವಣಿಯ ಬಟ್ಟೆಯನ್ನೇ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು.

ಉತ್ತರ: ಬಟ್ಟೆ ಹರಿದಿಲ್ಲದಿದ್ದರೆ ಅದಕ್ಕೆ ಹಣ ಸುರಿಯಬೇಡಿ. ಚಾವಣಿಯ ಮೇಲೆ ಬಿದ್ದ ನೀರು ಅದರ ಬುಡದಲ್ಲಿರುವ ತೂಬುಗಳಿಗೆ ಇಳಿದು, ಕೊಳವೆಗಳ ಮೂಲಕ ನೆಲ ಸೇರಬೇಕು. ಮರದಡಿ ನಿಲ್ಲುವ ಕಾರಿನಲ್ಲಿ ಈ ತೂಬುಗಳು ಎಲೆ, ಪಾಚಿ, ಮಣ್ಣಿನಿಂದ ಮುಚ್ಚಿಹೋಗಿ, ನೀರು ಒಳಕ್ಕೆ ತುಳುಕುತ್ತದೆ. ಬೀಗವನ್ನೂ ಸ್ಟಾರ್ಟ್ ಆಗುವುದನ್ನೂ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ತಯಾರಕರು ಸೀಟಿನ ಕೆಳಗೆ, ಕಾರಿನ ಅತ್ಯಂತ ತಗ್ಗಾದ ಜಾಗದಲ್ಲಿ ಇಟ್ಟಿದ್ದಾರೆ. ನಿಮ್ಮ ಕಾರಿನ ಎರಡು ರೋಗಗಳಿಗೂ ಮೂಲ ಒಂದೇ ಎಂದು ನನಗೆ ತೋರುತ್ತದೆ.

ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ. ಏರ್‌ಬ್ಯಾಗಿನ ದೀಪ ಹೊತ್ತಿಕೊಳ್ಳದಿರಲು ಸೀಟಿನ ತಂತಿಗಳನ್ನು ಕಳಚುವ ಮುನ್ನ ಇದು ಆಗಲೇಬೇಕು. ಸೀಟು ಎತ್ತಿ, ಕಾರ್ಪೆಟ್ಟಿನ ಅಡಿಯ ದಪ್ಪ ಫೋಮನ್ನು ಹೊರಗೆ ಹಾಕಿ ಒಣಗಿಸಿ, ಏಕೆಂದರೆ ಮೇಲಿನ ಬಟ್ಟೆ ಒಣಗಿದಂತೆ ಕಂಡರೂ ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಪೆಟ್ಟಿಗೆಯ ಒಳಗೆ ಹಸಿರು ತುಕ್ಕು ಕಂಡರೆ, ಹಳೆಯ ಪೆಟ್ಟಿಗೆಯ ಮಾಹಿತಿಯನ್ನು ಬೇರೊಂದಕ್ಕೆ ವರ್ಗಾಯಿಸಿಕೊಡುವ ಎಲೆಕ್ಟ್ರಾನಿಕ್ಸ್ ತಜ್ಞರನ್ನು ಹುಡುಕಿ; ಹಾಗಾದರೆ ಈಗಿನ ಕೀಲಿಗಳನ್ನೇ ಬಳಸಬಹುದು. ಆಮೇಲೆ ಚಾವಣಿಯನ್ನು ಅರ್ಧಕ್ಕೆ ತೆರೆದು ನಿಲ್ಲಿಸಿ, ಸೀಟುಗಳ ಹಿಂದೆ ಎರಡೂ ಮೂಲೆಗಳಲ್ಲಿ ಟಾರ್ಚ್ ಬಿಟ್ಟು ತೂಬುಗಳನ್ನು ಹುಡುಕಿ, ಕಸವನ್ನು ವ್ಯಾಕ್ಯೂಮ್‌ನಿಂದ ಎಳೆದು, ಮೆತ್ತನೆಯ ನೈಲಾನ್ ಎಳೆಯನ್ನು ಇಳಿಸಿ ಬಿಡಿಸಿ. ಗಾಳಿಯ ಒತ್ತಡ ಕೊಟ್ಟರೆ ಒಳಗಿನ ಕೊಳವೆಯೇ ಕಳಚಿಕೊಂಡೀತು. ಒಂದು ಚೊಂಬು ನೀರು ನಿಧಾನವಾಗಿ ಸುರಿದಾಗ ಅದು ಕಾರಿನಡಿ ನೆಲಕ್ಕೆ ಸಲೀಸಾಗಿ ಇಳಿಯಬೇಕು. ಎಲೆ ಉದುರುವ ತಿಂಗಳುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತಿರಿ. ಸಾಧ್ಯವಾದರೆ ಮರವನ್ನು ಬಿಟ್ಟು ಬೇರೆ ಕಡೆ ನಿಲ್ಲಿಸಿ.

ನಿಮ್ಮ ವರ್ಷದ ಮಾದರಿಯಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಗಾಜು ಬಂದದ್ದು 2003ರ ಮಾದರಿಯಿಂದ. ಚಳಿಯಲ್ಲಿ ಸೆಟೆದ ಪ್ಲಾಸ್ಟಿಕ್ ಮಡಚುವಾಗ ಬಿರಿಯುತ್ತದೆ. ಕಾರಿನೊಳಗೆ ಬೆಚ್ಚಗಾದ ಮೇಲೆ ಚಾವಣಿಯನ್ನು ಅರ್ಧ ಇಳಿಸಿ, ಕಿಟಕಿಯ ನಡುವೆ ಅಂಗೈಯಿಂದ ಮೆಲ್ಲನೆ ಒತ್ತಿ ಮಡಿಕೆಯನ್ನು ದುಂಡಗೆ ಮಾಡಿ, ಆಮೇಲೆ ಪೂರ್ತಿ ಇಳಿಸಿ.

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹಳೆಯ ಬಾಕ್ಸ್‌ಟರ್ ಕೊಂಡಿದ್ದೇನೆ. ಏಪ್ರಿಲ್‌ನ ಮೊದಲ ಮಳೆಯಲ್ಲಿ ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ವೇಗ ಹೆಚ್ಚಾಯಿತೆನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಹಿಂಭಾಗ ಜಾರಿತು. ಇದುವರೆಗೆ ಓಡಿಸಿದ ಯಾವ ಕಾರಿನಲ್ಲೂ ಹೀಗಾಗಿರಲಿಲ್ಲ. ಕಾರಿನಲ್ಲಿ ದೋಷವಿದೆಯೆ?

ಉತ್ತರ: ನಿಮಗೆ ಏನೂ ಆಗಲಿಲ್ಲವೆಂಬುದು ಸಮಾಧಾನ. ದೋಷವಿದೆಯೇ ಎಂದು ಟೈರುಗಳಿಂದ ನೋಡಲು ಶುರುಮಾಡೋಣ, ಆದರೆ ನೀವು ವಿವರಿಸಿದ್ದು ಈ ವಿನ್ಯಾಸದ ಸ್ವಭಾವವೂ ಹೌದು. ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವರು ಕೈಚಾಚಿ ಹಿಡಿದವರಿಗಿಂತ ಚುರುಕಾಗಿ ತಿರುಗುವಂತೆ, ಭಾರವೆಲ್ಲ ನಡುವಿಗೆ ಹತ್ತಿರವಿರುವ ಕಾರು ಸ್ಟೇರಿಂಗಿನ ಸಣ್ಣ ಸನ್ನೆಗೂ ಥಟ್ಟನೆ ತಿರುಗುತ್ತದೆ. ಅದೇ ಗುಣದಿಂದಾಗಿ, ಹಿಂದಿನ ಟೈರು ಹಿಡಿತ ಬಿಟ್ಟಾಗ ಗಿರಕಿಯೂ ಅಷ್ಟೇ ಬೇಗ ಶುರುವಾಗುತ್ತದೆ. ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ, ಎಂಜಿನ್ನಿನ ತಡೆಯೂ ಆ ಚಕ್ರಗಳ ಮೇಲೆಯೇ ಬೀಳುತ್ತದೆ. ಎಂಜಿನ್ ಮುಂದಿರುವ ಸಾಧಾರಣ ಕಾರಿನಲ್ಲಿ ಇದೇ ತಪ್ಪು ಹೆಚ್ಚಾಗಿ ಕಾರನ್ನು ಒಳಕ್ಕೆ ತಿರುಗಿಸಿ ಚಾಲಕರನ್ನು ಕಾಪಾಡಿಬಿಡುತ್ತದೆ, ಹಾಗಾಗಿ ನಿಮಗೆ ಈ ಅಭ್ಯಾಸ ಬಂದಿದೆ.

ಬ್ರೇಕ್ ಹಾಕುವುದನ್ನು ತಿರುವಿಗೆ ಮುಂಚೆಯೇ ನೇರ ದಾರಿಯಲ್ಲಿ ಮುಗಿಸಿ, ತಿರುವಿನುದ್ದಕ್ಕೂ ಆಕ್ಸಿಲರೇಟರನ್ನು ಹಗುರವಾಗಿ, ಒಂದೇ ಸಮನಾಗಿ ಹಿಡಿದು ಹೋಗಿ. ಮೊದಲ ವರ್ಷಗಳ ಬಾಕ್ಸ್‌ಟರುಗಳಲ್ಲಿ, ಜಾರುವ ಕಾರನ್ನು ತಾನಾಗಿ ಹತೋಟಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಇರಲಿಲ್ಲ, ನಂತರದ ಅನೇಕ ಕಾರುಗಳಲ್ಲಿ ಬಯಸಿದವರಿಗೆ ಮಾತ್ರ ಅಳವಡಿಸಿದ್ದರು. ನಿಮ್ಮದರಲ್ಲಿ ಇದೆಯೇ ಎಂದು ನೋಡಿ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ ಅದು 2018ರ ಇಪ್ಪತ್ತಮೂರನೆಯ ವಾರದ್ದು. ವರ್ಷದ ಕೆಲವು ತಿಂಗಳಷ್ಟೇ ಓಡಿಸಲು ಸಲ್ಲುವ ಋತುಮಾನದ ನಂಬರ್ ಪ್ಲೇಟ್ ಹಾಕಿ ಚಳಿಗಾಲವಿಡೀ ನಿಲ್ಲಿಸುವ ಪದ್ಧತಿ ಅಲ್ಲಿರುವುದರಿಂದ, ಟೈರಿನ ಮೇಲಿನ ಗೀರುಗಳ ಆಳ ಚೆನ್ನಾಗಿದ್ದೂ ರಬ್ಬರ್ ಗಟ್ಟಿಯಾದ ಟೈರುಗಳು ಈ ಕಾರುಗಳಲ್ಲಿ ಮಾಮೂಲು. ಆರು ವರ್ಷ ಮೀರಿದ್ದರೆ ನಾಲ್ಕನ್ನೂ ಒಂದೇ ಕಂಪನಿಯ, ಒಂದೇ ಬಗೆಯವಕ್ಕೆ ಬದಲಿಸಿ. ಉಷ್ಣತೆ ಏಳು ಡಿಗ್ರಿಗಿಂತ ಕೆಳಗಿದ್ದಾಗ ಬೇಸಿಗೆಯ ಟೈರುಗಳನ್ನು ನಂಬಬೇಡಿ. ಜರ್ಮನಿಯ ವಾಹನ ಚಾಲಕರ ಸಂಘವಾದ ಎಡಿಎಸಿ ನಡೆಸುವ ಸುರಕ್ಷಿತ ಚಾಲನೆಯ ತರಬೇತಿಯಲ್ಲಿ ಒದ್ದೆ ನೆಲದ ಮೇಲೆ ಬೇಕೆಂದೇ ಕಾರನ್ನು ಜಾರಿಸಿ ಹತೋಟಿಗೆ ತರುವುದನ್ನು ಕಲಿಸುತ್ತಾರೆ. ದಯವಿಟ್ಟು ನಿಮ್ಮದೇ ಕಾರಿನಲ್ಲಿ ಅದನ್ನು ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ 2013ರ ಬಾಕ್ಸ್‌ಟರ್ ಒಂದು ಮಾರಾಟಕ್ಕಿದೆ, ನೋಂದಣಿ ದೆಹಲಿಯದು. ನಮ್ಮ ರಸ್ತೆಗೆ ಆಗಿಬರುತ್ತದೆಯೆ?

ಉತ್ತರ: ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಹೇರಿದ್ದರಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಕಾಣುತ್ತವೆ. ಆದರೆ ಇಲ್ಲಿ ನೋಂದಾಯಿಸಲು ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ದುಬಾರಿ ಕಾರಿಗೆ ಆ ತೆರಿಗೆ ಸಣ್ಣ ಮೊತ್ತವಲ್ಲ. ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿದ ಮೇಲೆಯೇ ಬೆಲೆ ಮಾತಾಡಿ.

ರಸ್ತೆಯ ವಿಷಯದಲ್ಲಿ ಹಂಪುಗಳಿಗಿಂತ ಗುಂಡಿಗಳ ಭಯ ಹೆಚ್ಚು. ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ದಾಟಬಹುದು. ಗುಂಡಿಯಲ್ಲಿ ಟೈರಿನ ಪಕ್ಕೆ ಹರಿದರೆ ಆ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ, ಇರುವುದು ಅಂಟುದ್ರವ ಮತ್ತು ಸಣ್ಣ ಕಂಪ್ರೆಸರ್ ಮಾತ್ರ, ಅದರಿಂದ ಹರಿದ ಪಕ್ಕೆ ಮುಚ್ಚುವುದಿಲ್ಲ. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆಯಾದ್ದರಿಂದ ಅದಲುಬದಲೂ ಆಗದು. ಎಂಜಿನ್ನಿಗೆ ಗಾಳಿ ಸೇರುವುದು ಬಾಗಿಲಿನ ಹಿಂದಿನ ಪಕ್ಕದ ಕಿಂಡಿಯಿಂದ, ಆದ್ದರಿಂದ ಮಳೆ ಬಂದ ದಿನ ನೀರು ನಿಂತ ಅಂಡರ್‌ಪಾಸಿಗೆ ಇಳಿಯಲೇಬೇಡಿ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬರುವುದಕ್ಕೆ ಮುಂಚಿನ ಕಾರಾದ್ದರಿಂದ ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವೀಸಿನಲ್ಲಿ ಪರೀಕ್ಷಿಸಲು ಹೇಳಿ. ಭಾನುವಾರ ಬೆಳಗಿನ ಜಾವ ಚಾವಣಿ ತೆರೆದು ನಗರ ದಾಟುವ ಸುಖಕ್ಕೆ ಈ ಕಷ್ಟಗಳನ್ನೆಲ್ಲ ಸಹಿಸಬಹುದು ಎನ್ನುವವರು ನೀವಾದರೆ ಕೊಳ್ಳಿ. ದಿನವೂ ಕಚೇರಿಗೆ ಹೋಗಲು ಇದೊಂದೇ ಕಾರಾದರೆ ಬೇಡ.

ಪ್ರಶ್ನೆ: ಕ್ಯಾಲಿಫೋರ್ನಿಯದಲ್ಲಿ ನನ್ನ ಬಜೆಟ್ಟಿಗೆ ಟೊಯೊಟಾ ಎಂಆರ್2 ಸ್ಪೈಡರ್ ಹೊಂದುತ್ತದೆ. ಕೊಂಡರೆ, ಮೈಸೂರಿಗೆ ಮರಳುವಾಗ ಜೊತೆಗೆ ತರಬಹುದೆ?

ಉತ್ತರ: ಬಾಕ್ಸ್‌ಟರಿನಂತೆಯೇ ಎಂಜಿನ್ ನಡುವಿರುವ ಈ ಕಾರು ಒಳ್ಳೆಯದು. ತೂಕ ಸುಮಾರು ಒಂದು ಟನ್, 1.8 ಲೀಟರಿನ ಸರಳ ಎಂಜಿನ್, ಬಿಡಿಭಾಗಗಳೂ ಹೆಚ್ಚು ದುಬಾರಿಯಲ್ಲ. ಸಾಮಾನಿಡಲು ಮಾತ್ರ ಸೀಟುಗಳ ಹಿಂದಿನ ಪುಟ್ಟ ಪೆಟ್ಟಿಗೆಗಳೇ ಗತಿ. ಮೊದಲ ವರ್ಷಗಳ ಎಂಜಿನ್ನುಗಳು ಆಯಿಲ್ ಕುಡಿಯುತ್ತವೆ. ಆ ಹೊಗೆಯಿಂದ ಎಕ್ಸಾಸ್ಟಿನ ಬಾಯಲ್ಲಿರುವ ಸಣ್ಣ ಕ್ಯಾಟಲಿಟಿಕ್ ಕನ್ವರ್ಟರುಗಳು ಪುಡಿಯಾಗಿ, ಆ ಪುಡಿಯನ್ನು ಎಂಜಿನ್ ಮತ್ತೆ ಒಳಗೆಳೆದುಕೊಂಡು ಕೆಡುತ್ತದೆ. ಕೊಳ್ಳುವ ಮುನ್ನ ಅವುಗಳ ಸ್ಥಿತಿ ನೋಡಿಸಿ, ಕೊಂಡ ಮೇಲೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ.

ಮೈಸೂರಿಗೆ ತರಲಾಗದು. ಭಾರತಕ್ಕೆ ಬರುವ ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಅಮೆರಿಕದಲ್ಲಿ 2005ರ ಮಾದರಿಗೇ ಮಾರಾಟ ನಿಂತ ಆ ಕಾರು ಈ ಎರಡರಲ್ಲಿ ಒಂದನ್ನೂ ಪೂರೈಸುವುದಿಲ್ಲ. ಅಲ್ಲಿರುವಷ್ಟು ದಿನ ಓಡಿಸಿ, ಬರುವಾಗ ಸರ್ವೀಸ್ ಬಿಲ್ಲುಗಳನ್ನೆಲ್ಲ ಜೋಡಿಸಿ ಕೊಟ್ಟು ಅಲ್ಲೇ ಮಾರಿ.