ಇಂಗ್ಲೆಂಡಿನ ಹಳ್ಳಿ ಕಡೆ ವಸಂತದಲ್ಲಿ ಪ್ರಾಣಿ, ಪಕ್ಷಿಗಳ ಫೋಟೊ ತೆಗೆಯಲು ಏನಾದರೂ ಸಿಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಕೇಂಬ್ರಿಡ್ಜ್ ಹತ್ತಿರದ ಹಳ್ಳಿಯಲ್ಲಿ ಮಗಳ ಮನೆಯಲ್ಲಿರುತ್ತೀರಿ. 100-400 ಎಂಎಂ ಜೂಮ್ ಲೆನ್ಸ್ ಇದೆ. ಕಬಿನಿ, ರಂಗನತಿಟ್ಟಿನಲ್ಲಿ ಫೋಟೊ ತೆಗೆದು ಅಭ್ಯಾಸವಿದೆ. ಇಂಗ್ಲೆಂಡಿನಲ್ಲಿ ಕಾಡೇ ಇಲ್ಲವಂತೆ, ಅಷ್ಟು ಭಾರದ ಲೆನ್ಸ್ ಹೊತ್ತು ತರುವುದು ದಂಡವಾ ಅಂತ ಕೇಳಿದ್ದೀರಿ.

ಖಂಡಿತ ತನ್ನಿ. ನಾನಿರುವುದು ಪಕ್ಕದ ಸಫೋಕ್ ಕೌಂಟಿಯಲ್ಲಿ. ವರ್ಷದಲ್ಲಿ ನನಗೆ ತುಂಬ ಇಷ್ಟವಾದ ತಿಂಗಳುಗಳೇ ನೀವು ಬರುತ್ತಿರುವ ತಿಂಗಳುಗಳು.

ಕಾಡು ಕಡಿಮೆ ಅನ್ನೋದು ನಿಜ. ಇಂಗ್ಲೆಂಡಿನ ನೆಲದಲ್ಲಿ ಮರಗಳಿರುವ ಜಾಗ ನೂರಕ್ಕೆ ಹತ್ತರಷ್ಟು. ಆದರೆ ಇಲ್ಲಿನ ಪ್ರಾಣಿ, ಪಕ್ಷಿಗಳು ಹೊಲದ ಬದು, ಗಿಡಗಳ ಬೇಲಿ, ಕಾಲುವೆ ದಂಡೆಗಳನ್ನೇ ಮನೆ ಮಾಡಿಕೊಂಡಿವೆ. ನಮ್ಮಲ್ಲಿ ಜೀಪ್ ಹತ್ತಿ ಹೋಗಬೇಕು, ಕೆಳಗೆ ಇಳಿಯುವ ಹಾಗಿಲ್ಲ. ಇಲ್ಲಿ ಎಲ್ಲವೂ ಕಾಲ್ನಡಿಗೆ. ಆನೆ, ಹುಲಿ, ಕರಡಿ ಯಾವುದರ ಭಯವೂ ಇಲ್ಲ. ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕ ಕಾಲುದಾರಿಗಳಿವೆ. ಅವುಗಳಲ್ಲಿ ನಡೆಯುವ ಹಕ್ಕನ್ನು ಕಾನೂನೇ ಎಲ್ಲರಿಗೂ ಕೊಟ್ಟಿದೆ, ಪ್ರವಾಸಕ್ಕೆ ಬಂದವರಿಗೂ. ಟಿಕೆಟ್ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟೆ. ಹೆಸರುವಾಸಿ ಜಾಗಗಳ ಪಟ್ಟಿ ಹಿಡಿದು ಊರೂರು ಸುತ್ತಬೇಡಿ. ಮಗಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಾಲುದಾರಿ ಆರಿಸಿಕೊಳ್ಳಿ. ಆರು ವಾರವೂ ಬೆಳಿಗ್ಗೆ, ಸಂಜೆ ಅದನ್ನೇ ತುಳಿಯಿರಿ. ಇಲ್ಲಿ ಒಳ್ಳೆಯ ಬೆಳಕು ಹೇಳಿ ಕೇಳಿ ಬರುವುದಿಲ್ಲ. ಮೋಡ ಸರಿದು ಅರ್ಧ ಗಂಟೆ ಬಿಸಿಲು ಬಿದ್ದಾಗ ನೀವು ಆ ಬದುವಿನ ಮೇಲೇ ಇರಬೇಕು. ಕಾರಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ತಲುಪುವಷ್ಟರಲ್ಲಿ ಅದು ಮುಗಿದಿರುತ್ತದೆ. ಇನ್ನೊಂದು ಕಾರಣವೂ ಇದೆ. ಒಂದೇ ದಾರಿಯಲ್ಲಿ ಓಡಾಡಿದರೆ ಮೊಲ ಯಾವ ಸಂದಿಯಲ್ಲಿ ನುಸುಳುತ್ತದೆ, ಗೂಬೆ ಯಾವ ಕಂಬದ ಮೇಲೆ ಕೂರುತ್ತದೆ ಅನ್ನೋದು ತಾನಾಗಿಯೇ ಗೊತ್ತಾಗುತ್ತಾ ಹೋಗುತ್ತದೆ. ಒಳ್ಳೆಯ ಫೋಟೊ ಹುಟ್ಟುವುದು ಅಲ್ಲಿಂದ.

ದಾರಿ ಹುಡುಕಲು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ನಕ್ಷೆ ನೋಡಿ. ಅದರಲ್ಲಿ ಕಾಲುದಾರಿಗಳನ್ನು ಹಸಿರು ಗೆರೆಯ ತುಂಡುಗಳಲ್ಲಿ ತೋರಿಸಿರುತ್ತಾರೆ. ಹೊಲದ ಅಂಚಿನ ಕಂಬಗಳ ಮೇಲೆ ಹಳದಿ ಬಾಣದ ಗುರುತು ಇರುತ್ತದೆ. ಒಂದು ಕಡೆ ಗೋಧಿ ಹೊಲ, ಇನ್ನೊಂದು ಕಡೆ ಕೊಯ್ಯದೆ ಬಿಟ್ಟ ಒರಟು ಹುಲ್ಲು, ನಡುವೆ ಬೇಲಿ ಅಥವಾ ಕಾಲುವೆ ಇರುವ ದಾರಿ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಕೇಂಬ್ರಿಡ್ಜ್ ಸುತ್ತ ಅಂಥ ದಾರಿಗಳಿಗೆ ಬರವಿಲ್ಲ.

ಬಂದ ಕೂಡಲೇ ಮೊಲದ ಹಿಂದೆ ಬೀಳಿ. ಇದು ತಡ ಮಾಡುವ ಕೆಲಸ ಅಲ್ಲ. ಚಳಿಗಾಲಕ್ಕೂ ಮುಂಚೆ ಬಿತ್ತಿದ ಗೋಧಿ ಏಪ್ರಿಲ್ ಮಧ್ಯದಲ್ಲಿ ಇನ್ನೂ ಗಿಡ್ಡಗಿರುತ್ತದೆ. ಮೇ ಬಂತು ಅಂದರೆ ಎತ್ತರಕ್ಕೆ ಬೆಳೆದು ಮೊಲಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಇಲ್ಲಿನ ಕಂದು ಮೊಲ ದೊಡ್ಡದು, ಕಾಲು ಉದ್ದ, ಕಿವಿ ತುದಿ ಕಪ್ಪು. ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಮೊಲ ಹಿಂಗಾಲಿನ ಮೇಲೆ ಎದ್ದು ನಿಂತು ಗುದ್ದಾಡುವುದನ್ನು ಫೋಟೊಗಳಲ್ಲಿ ನೋಡಿರುತ್ತೀರಿ, ಅಲ್ವಾ? ಅದು ಹೆಚ್ಚಾಗಿ ಎರಡು ಗಂಡುಗಳ ಜಗಳ ಅಲ್ಲ. ಹಿಂದೆ ಬಿದ್ದ ಗಂಡನ್ನು ಹೆಣ್ಣು ಹೊಡೆದು ಓಡಿಸುವುದು. ಇದು ಗೊತ್ತಿದ್ದರೆ ಫೋಟೊ ಸುಲಭ. ಹೊಲದಲ್ಲಿ ಒಂದರ ಬಾಲಕ್ಕೇ ಇನ್ನೊಂದು ಅಂಟಿಕೊಂಡು ಹೋಗುತ್ತಿದ್ದರೆ ಮುಂದಿನದರ ಮೇಲೆ ಕಣ್ಣಿಡಿ. ಅದು ಗಕ್ಕನೆ ನಿಂತು ಹಿಂದೆ ತಿರುಗಿದ ತಕ್ಷಣ ಬಟನ್ ಒತ್ತಿ. ಶಟರ್ 1/2000 ಸೆಕೆಂಡ್ ಇರಲಿ, ಐಎಸ್ಒ ಎಷ್ಟಕ್ಕೇ ಏರಿದರೂ ಪರವಾಗಿಲ್ಲ. ಗುದ್ದಾಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅವು ಓಡಿ ಹೋದ ಮೇಲೆ ಎಳೆ ಗೋಧಿ ಎಲೆಗಳ ಮೇಲೆ ಕಿತ್ತುಬಂದ ತುಪ್ಪಳದ ಎಳೆಗಳು ಸಿಕ್ಕಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ.

ಮೊಲದ ಹತ್ತಿರ ನಡೆದು ಹೋಗಲು ನೋಡಬೇಡಿ. ಅದೇ ನಿಮ್ಮ ಹತ್ತಿರ ಬರುವ ಹಾಗೆ ಮಾಡಬೇಕು. ಟ್ರ್ಯಾಕ್ಟರ್ ಔಷಧಿ ಹೊಡೆಯಲು ಓಡಾಡುವ ಎರಡು ಚಕ್ರದ ಜಾಡು ಪ್ರತಿ ಗೋಧಿ ಹೊಲದಲ್ಲೂ ಇರುತ್ತದೆ. ಪೈರಿನಲ್ಲಿ ಒದ್ದೆಯಾಗದೆ ಓಡಾಡಲು ಮೊಲಗಳಿಗೆ ಅದೇ ರಸ್ತೆ. ಕಾಲುದಾರಿ ಆ ಜಾಡಿನ ತುದಿಯನ್ನು ಮುಟ್ಟುವ ಕಡೆ, ಬೇಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಡಿ. ಗಾಳಿ ಹೊಲದಿಂದ ನಿಮ್ಮ ಕಡೆ ಬೀಸುತ್ತಿರಲಿ, ಸೂರ್ಯ ಬೆನ್ನ ಹಿಂದೆ ಇರಲಿ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹಿಂದೆ, ಪಕ್ಕದಲ್ಲಿ ನಡೆಯುವುದೆಲ್ಲ ಕಾಣುತ್ತದೆ. ಮೂಗಿನ ನೇರಕ್ಕೆ ಅಲುಗಾಡದೆ ಕೂತದ್ದು ಮಾತ್ರ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕೆಲವೊಮ್ಮೆ ಜಾಡು ಹಿಡಿದು ನೇರ ನಿಮ್ಮ ಕಡೆಗೇ ಬರುತ್ತದೆ. ಹಾಗೆ ಹತ್ತಿರ ಬಂದ ಒಂದು ಮೊಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೀಸೆಯ ಮೇಲೆ ಮಂಜಿನ ಹನಿ. ಕೆಸರು ಮೆತ್ತಿದ ಮುಂಗಾಲು. ಜೇನಿನ ಬಣ್ಣದ ಕಣ್ಣೊಳಗೆ ಅಡ್ಡಕ್ಕೆ ನನ್ನ ಹಿಂದಿನ ಬೇಲಿಯ ನೆರಳು. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು, ಆಮೇಲೆ ಕೂತಲ್ಲೇ ಪಾದ ನೆಕ್ಕಲು ಶುರು ಮಾಡಿತು. ಇಂಥ ಹೊತ್ತಿಗೆ ಸೈಲೆಂಟ್ ಶಟರ್ ಇದ್ದರೆ ಹಾಕಿಕೊಳ್ಳಿ. ಕಟಕಟ ಸದ್ದು ಕೇಳಿದರೆ ಅದು ಮತ್ತೆ ಸಿಗಲ್ಲ.

ಹುಲ್ಲಿನಲ್ಲಿ ಒಂಟಿ ಮರಿ ಕಂಡರೆ ಮುಟ್ಟಬೇಡಿ. ತಾಯಿ ಬಿಟ್ಟು ಹೋಗಿಲ್ಲ. ಮೊಲದ ತಾಯಿ ಮರಿಗಳನ್ನು ಬೇರೆ ಬೇರೆ ಕಡೆ ಅಡಗಿಸಿಟ್ಟು, ಸಾಮಾನ್ಯವಾಗಿ ಸಂಜೆ ಕತ್ತಲಾಗುವಾಗ ಒಂದು ಸಲ ಮಾತ್ರ ಬಂದು ಹಾಲು ಕೊಡುತ್ತದೆ. ಮೇ ಕೊನೆಯಲ್ಲಿ ಹುಟ್ಟುವ ರೋ ಜಿಂಕೆ ಮರಿಗಳದ್ದೂ ಇದೇ ಕಥೆ. ಪಾಪ ಅಂತ ಎತ್ತಿಕೊಂಡು ಹೋಗಿ ಜನ ಅವುಗಳ ಜೀವಕ್ಕೇ ಕುತ್ತು ತರುತ್ತಾರೆ.

ರೈತರ ವಿಷಯ ಮುಖ್ಯ. ಈ ಭಾಗದಲ್ಲಿ ನಾಯಿ ಬಿಟ್ಟು ಮೊಲ ಅಟ್ಟಿಸುವ ಗುಂಪುಗಳ ಕಾಟ ಇದೆ. 2004ರ ಕಾನೂನು ಅದನ್ನು ನಿಷೇಧಿಸಿತು, 2022ರಲ್ಲಿ ಶಿಕ್ಷೆಯನ್ನೂ ಹೆಚ್ಚಿಸಿದರು. ಆ ಗುಂಪುಗಳು ಹೊಲದ ಗೇಟ್ ಮುರಿಯುತ್ತವೆ, ಪೈರಿನ ಮೇಲೆ ಗಾಡಿ ಓಡಿಸುತ್ತವೆ. ಹಾಗಾಗಿ ಬೆಳಗಿನ ಜಾವ ಹೊಲದ ಹತ್ತಿರ ಹೊಸ ಮುಖ ಕಂಡರೆ ರೈತರು ಬಂದು ವಿಚಾರಿಸುವುದು ಸಹಜ. ಗುಡ್ ಮಾರ್ನಿಂಗ್ ಹೇಳಿ, ಕ್ಯಾಮೆರಾದಲ್ಲಿರುವ ಫೋಟೊ ತೋರಿಸಿ. ಮಾತು ಬೆಳೆದರೆ ಗೂಬೆ ಎಲ್ಲಿ ಓಡಾಡುತ್ತದೆ ಅಂತ ಅವರೇ ಹೇಳುತ್ತಾರೆ. ಅವರಿಗಿಂತ ಚೆನ್ನಾಗಿ ಆ ನೆಲ ಬಲ್ಲವರು ಯಾರೂ ಇಲ್ಲ. ಗೇಟ್ ಮುಂದೆ ಕಾರು ನಿಲ್ಲಿಸಬೇಡಿ, ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ, ಪೈರಿನೊಳಗೆ ಕಾಲಿಡಬೇಡಿ. ಮೊಲ ಸಿಕ್ಕ ಹೊಲದ ಹೆಸರನ್ನು ದಯವಿಟ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬೇಡಿ. ಆ ಗುಂಪಿನವರೂ ಅದನ್ನೆಲ್ಲ ನೋಡುತ್ತಾರೆ.

ಸಂಜೆಗೆ ಕಣಜ ಗೂಬೆ. ನಮ್ಮಲ್ಲೂ ಹಳೇ ದೇವಸ್ಥಾನ, ಪಾಳು ಕಟ್ಟಡದ ಸಂದಿಗಳಲ್ಲಿ ಈ ಬಗೆಯ ಗೂಬೆ ಇದೆ, ಆದರೆ ಹಗಲು ಬೆಳಕಿನಲ್ಲಿ ಹಾರುವುದನ್ನು ಕಾಣುವುದು ಅಪರೂಪ. ಇಲ್ಲಿ ವಸಂತದಲ್ಲಿ ಸೂರ್ಯ ಮುಳುಗುವ ಮುಂಚೆಯೇ ಒರಟು ಹುಲ್ಲಿನ ಮೇಲೆ ಹಾರಾಡುತ್ತಾ ಇಲಿ ಹುಡುಕುತ್ತದೆ. ಅದರ ಪುಕ್ಕ ನೀರು ತಡೆಯುವುದಿಲ್ಲ. ಜೋರು ಮಳೆಯಲ್ಲಿ ಬೇಟೆ ಆಗುವುದಿಲ್ಲ. ಅದಕ್ಕೇ ರಾತ್ರಿಯಿಡೀ ಮಳೆ ಸುರಿದು ಬೆಳಿಗ್ಗೆ ಹೊಳವಾದರೆ ತಿಂಡಿ ಬಿಟ್ಟಾದರೂ ಓಡಿ. ಹಸಿದ ಗೂಬೆ ಹಗಲಲ್ಲೇ ಹೊರಡುತ್ತದೆ. ಹುಲ್ಲಿನ ಒಂದು ಅಂಚು ಹಿಡಿದು ಹಾರಿ, ಸುತ್ತಿ, ಮತ್ತೆ ಅದೇ ಅಂಚಿಗೆ ಬರುವುದು ಅದರ ರೂಢಿ. ಅಟ್ಟಿಸಿಕೊಂಡು ಹೋಗಬೇಡಿ, ಅಂಚಿನಲ್ಲಿ ಕೂತು ಕಾಯಿರಿ. ಕಪ್ಪು ಬೇಲಿಯ ಮುಂದೆ ಬಿಳಿ ಹಕ್ಕಿ ಬಂದರೆ ಕ್ಯಾಮೆರಾ ಬೆಳಕು ಜಾಸ್ತಿ ಬಿಟ್ಟು ಎದೆಯ ಪುಕ್ಕವನ್ನೆಲ್ಲ ಅಳಿಸಿಹಾಕುತ್ತದೆ. ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್‌ನಷ್ಟು ಕಡಿಮೆ ಮಾಡಿಕೊಳ್ಳಿ.

ಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ. 1981ರ ವನ್ಯಜೀವಿ ಕಾಯ್ದೆಯಡಿ ಕಣಜ ಗೂಬೆ, ಮಿಂಚುಳ್ಳಿ, ಜೌಗು ಪ್ರದೇಶದ ಹ್ಯಾರಿಯರ್ ಎಂಬ ಬೇಟೆಹಕ್ಕಿಯಂಥ ಹಕ್ಕಿಗಳಿಗೆ ಗೂಡಿನ ಹತ್ತಿರ ತೊಂದರೆ ಕೊಡುವುದು ಅಪರಾಧ. ಲೈಸೆನ್ಸ್ ಇಲ್ಲದೆ ಅಲ್ಲಿ ಫೋಟೊಗೆ ಕೂರುವ ಹಾಗಿಲ್ಲ. ಅಂದ ಹಾಗೆ ಇಲ್ಲಿರುವುದು ಒಂದೇ ಜಾತಿಯ ಮಿಂಚುಳ್ಳಿ. ನಮ್ಮ ಕೆರೆಗಳಲ್ಲಿ ನೀವು ನೋಡುವ ಆ ಪುಟ್ಟ ನೀಲಿ ಮಿಂಚುಳ್ಳಿಯೇ ಇದು. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವ ಚಾಳಿಯೂ ಬೇಡ. ಮರಿಗೆ ಉಣಿಸಬೇಕಾದ ಹೊತ್ತಿನಲ್ಲಿ ಹಕ್ಕಿ ಅಲ್ಲಿಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯುತ್ತದೆ.

ಮೇ ತಿಂಗಳಲ್ಲಿ ಒಂದು ದಿನವಾದರೂ ನಾಲ್ಕು ಗಂಟೆಗೆ ಎದ್ದು ಹೊರಗೆ ಬನ್ನಿ. ರಾಬಿನ್, ಬ್ಲ್ಯಾಕ್‌ಬರ್ಡ್ ಕತ್ತಲಲ್ಲೇ ಶುರು ಮಾಡುತ್ತವೆ. ಐದರ ಸುಮಾರಿಗೆ ಸೂರ್ಯ ಹುಟ್ಟುವ ಹೊತ್ತಿಗೆ ಬೇಲಿಯ ಉದ್ದಕ್ಕೂ ಹಾಡು. ಆಗ ಕ್ಯಾಮೆರಾ ಚೀಲದಲ್ಲಿರಲಿ. ಮರ್ಲಿನ್ ಆ್ಯಪ್ ಹಾಕಿಕೊಂಡರೆ ಯಾವ ಹಕ್ಕಿ ಹಾಡುತ್ತಿದೆ ಅಂತ ಕಲಿಯಬಹುದು. ಸಂಜೆ ಬೇಲಿ ಆಚೆ ನಾಯಿ ಬೊಗಳಿದ ಹಾಗೆ ಕೇಳಿಸಿದರೆ ಅದು ನಮ್ಮ ಕಾಡುಕುರಿಯ ಚೀನಾ ಸಂಬಂಧಿ, ಮಂಟ್‌ಜ್ಯಾಕ್ ಎಂಬ ಸಣ್ಣ ಜಿಂಕೆ. ಹಿಂದಿನ ಶತಮಾನದ ಶುರುವಿನಲ್ಲಿ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಎಸ್ಟೇಟಿಗೆ ತಂದದ್ದು. ಅಲ್ಲಿಂದ ಹೊರಬಿದ್ದು ಈಗ ಈ ಕಡೆಯೆಲ್ಲ ಹಬ್ಬಿದೆ.

ಹೆಸರುವಾಸಿ ಜಾಗಕ್ಕೆ ಹೋಗಲೇಬೇಡಿ ಅಂತಲ್ಲ. ನಿಮ್ಮ ಹತ್ತಿರದಲ್ಲೇ ಎರಡು ಇವೆ. ವಿಕನ್ ಫೆನ್ ಜೌಗು ಪ್ರದೇಶದಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ 1899ರಲ್ಲಿ ಮೊದಲ ತುಂಡು ಭೂಮಿ ಕೊಂಡಿತು. ಅಲ್ಲಿ ಏಪ್ರಿಲ್ ಕೊನೆಯಿಂದ ಕುಕೂ ಹಕ್ಕಿ ಕೂಗುತ್ತದೆ. ನಮ್ಮ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟರೆ, ಇದು ಜೊಂಡಿನಲ್ಲಿರುವ ಪುಟ್ಟ ರೀಡ್ ವಾರ್ಬ್ಲರ್‌ನ ಗೂಡಿನಲ್ಲಿ ಇಡುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ ಡೇವಿಸ್ ಈ ಮೋಸವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಲ್ಲೇ. ಇನ್ನೊಂದು ಲೇಕನ್‌ಹೀತ್ ಫೆನ್. 1990ರ ದಶಕದವರೆಗೆ ಅದು ಕ್ಯಾರೆಟ್ ಬೆಳೆಯುವ ಹೊಲ. ಹಕ್ಕಿಗಳ ರಕ್ಷಣೆಯ ಆರ್‌ಎಸ್‌ಪಿಬಿ ಸಂಸ್ಥೆ ಕೊಂಡು, ನೀರು ನಿಲ್ಲಿಸಿ, ಜೊಂಡು ಬೆಳೆಸಿತು. 2007ರಲ್ಲಿ ಕ್ರೌಂಚ ಪಕ್ಷಿಗಳು ಬಂದವು, ಈ ಫೆನ್ ಸೀಮೆಗೆ ಸುಮಾರು 400 ವರ್ಷದ ನಂತರ. ಮನಸ್ಸು ಮಾಡಿದರೆ ನೆಲವನ್ನು ಹೀಗೂ ವಾಪಸ್ ಕೊಡಬಹುದು ಅಂತ ನೆನೆದಾಗಲೆಲ್ಲ ನನಗೆ ತುಂಬ ಖುಷಿಯಾಗುತ್ತದೆ. ಜೊಂಡಿನೊಳಗೆ ಬಿಟರ್ನ್ ಎಂಬ ಹಕ್ಕಿ ಕೂಗುವುದೂ ಕೇಳಿಸುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಂಥ ಸದ್ದು, ಬಲು ದೂರಕ್ಕೂ ಕೇಳುತ್ತದೆ. ಮೇ ಮಧ್ಯದಲ್ಲಿ ಹೋದರೆ ಹಾಬಿ ಎಂಬ ಸಣ್ಣ ಬೇಟೆಹಕ್ಕಿ ಏರೋಪ್ಲೇನ್ ಚಿಟ್ಟೆ ಹಿಡಿದು ಹಾರುತ್ತಲೇ ತಿನ್ನುವುದನ್ನು ನೋಡಬಹುದು.

ಬ್ಲೂಬೆಲ್ ಹೂವಿನ ಕಾಡುಗಳನ್ನು ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ನೋಡಿ. ದಾರಿ ಬಿಟ್ಟು ಹೂವಿನ ನಡುವೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಎಲೆ ತುಳಿದರೆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಬಟ್ಟೆಬರೆ ಬಗ್ಗೆ ಸ್ವಲ್ಪ. ಏಪ್ರಿಲ್ ಬೆಳಗಿನ ಚಳಿ ಮೈಸೂರಿನ ಚಳಿಗಾಲಕ್ಕಿಂತ ಜಾಸ್ತಿ. ಕೈಗವಸು, ಟೋಪಿ, ಮೊಣಕಾಲವರೆಗಿನ ಗಂಬೂಟು ಬೇಕೇ ಬೇಕು. ಗಂಬೂಟು ಇಲ್ಲೇ ಕೊಳ್ಳಿ. ಹುಲ್ಲಿನಲ್ಲಿ ಕೂರುವಾಗ ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ. ಮಲೆನಾಡಿನಲ್ಲಿ ಉಣ್ಣೆ ಹುಳು ಕಚ್ಚಿ ಮಂಗನ ಕಾಯಿಲೆ ಬರುವ ಹಾಗೆ ಇಲ್ಲಿ ಲೈಮ್ ಕಾಯಿಲೆ ಬರುತ್ತದೆ. ಕರು ಜೊತೆಗಿರುವ ಹಸುಗಳ ಮಂದೆಯಿಂದ ದೂರ ಸುತ್ತಿಕೊಂಡು ಹೋಗಿ. ಇಲ್ಲಿ ನಡೆಯುವವರಿಗೆ ಹೆದರಿಕೆ ಅಂತ ಇದ್ದರೆ ಅವುಗಳದ್ದೇ.

ಇಷ್ಟಾದ ಮೇಲೂ ಮೇ ಕೊನೆಗೆ ಒಂದು ವಾರಾಂತ್ಯ ಬಿಡುವಿದ್ದರೆ ಯಾರ್ಕ್‌ಶೈರ್‌ನ ಬೆಂಪ್ಟನ್ ಸುಣ್ಣಕಲ್ಲಿನ ಕಡಲ ಬಂಡೆಗಳಿಗೆ ಹೋಗಿ ಬನ್ನಿ. ಗ್ಯಾನೆಟ್, ಪಫಿನ್ ಎಂಬ ಕಡಲ ಹಕ್ಕಿಗಳು ಎರಡೂ ಆಗ ಅಲ್ಲಿರುತ್ತವೆ. ಬೆಂಪ್ಟನ್ ಊರಿಗೇ ರೈಲು ಇದೆ, ಸ್ಟೇಷನ್ನಿಂದ ಬಂಡೆಯವರೆಗೆ ನಡೆದು ಹೋಗಬಹುದು. ಅಲ್ಲಿಗೂ ನಿಮ್ಮ 100-400 ಸಾಕು. ಗ್ಯಾನೆಟ್‌ಗಳು ಬಂಡೆಯ ಅಂಚಿನಲ್ಲಿ ಕಣ್ಣಿನ ಮಟ್ಟಕ್ಕೇ ತೇಲಿ ಬರುತ್ತವೆ, 600 ಲೆನ್ಸ್ ಬಾಡಿಗೆಗೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ.