ಬೆದರಿದ ಹಸು ಹಾಲು ಇಳಿಸುವುದಿಲ್ಲ, ಏಕೆ?

ಕೆಚ್ಚಲು ತುಂಬಿದ್ದರೂ ಬೆದರಿದ ಹಸು ಹಾಲು ಇಳಿಸದಿರುವುದು ಹಟದಿಂದಲ್ಲ. ನರ ಮತ್ತು ಹಾರ್ಮೋನುಗಳು ಸೇರಿ ಮಾಡಬೇಕಾದ ಕೆಲಸ ಅಲ್ಲಿ ಅರ್ಧಕ್ಕೆ ನಿಂತಿರುತ್ತದೆ.

ಕರು ಬಾಯಿ ಹಾಕಿದಾಗ, ಇಲ್ಲವೇ ನಾವು ಕೆಚ್ಚಲು ತೊಳೆದು ನೀವಿದಾಗ, ಮೊಲೆತೊಟ್ಟಿನ ನರಗಳು ಬೆನ್ನುಹುರಿಯ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇದಕ್ಕೆ ಕ್ಷಣವೂ ಬೇಡ. ಆದರೆ ಮೆದುಳಿನ ಉತ್ತರ ಕೆಚ್ಚಲಿಗೆ ಬರುವುದು ನರದಲ್ಲಿ ಅಲ್ಲ, ರಕ್ತದಲ್ಲಿ. ಮೆದುಳಿನ ಒಂದು ಭಾಗವಾದ ಹೈಪೊಥಾಲಮಸ್‌ನಲ್ಲಿ ತಯಾರಾದ ಆಕ್ಸಿಟೋಸಿನ್ ಹಾರ್ಮೋನನ್ನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲು ತಲುಪಿ, ಹಾಲು ತುಂಬಿದ ಸೂಕ್ಷ್ಮ ಚೀಲಗಳನ್ನು ಸುತ್ತುವರಿದ ಜೀವಕೋಶಗಳನ್ನು ಕುಗ್ಗಿಸಿದಾಗಲೇ ಹಾಲು ತೊಟ್ಟಿನತ್ತ ಹರಿಯುವುದು. ಇದಕ್ಕೆ ಸುಮಾರು 1 ನಿಮಿಷ ಹಿಡಿಯುತ್ತದೆ. ಪರಿಣಾಮ ಉಳಿಯುವುದೂ ಕೆಲವೇ ನಿಮಿಷ. ಆದ್ದರಿಂದ ಹಾಲು ಕರೆಯುವುದನ್ನು ನಡುವೆ ನಿಲ್ಲಿಸಬಾರದು.

ನಾಯಿ ಮೈಮೇಲೆ ಬಂದರೆ, ಯಾರಾದರೂ ಹೊಡೆದರೆ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಎಂಬ, ಭಯವಾದಾಗ ಹೊಮ್ಮುವ ಹಾರ್ಮೋನು ಏರುತ್ತದೆ. ಕೆಚ್ಚಲಿನ ರಕ್ತನಾಳಗಳು ಕಿರಿದಾಗಿ ಆಕ್ಸಿಟೋಸಿನ್ ಸರಿಯಾಗಿ ತಲುಪುವುದಿಲ್ಲ. ಮೆದುಳು ಅದನ್ನು ಬಿಡುವುದೂ ಕಡಿಮೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚಿ ಹಾಲು ಹಿಂಡುವುದು ಕ್ರೌರ್ಯವೇ ಸರಿ. ಗದರದೆ ಅರ್ಧ ಗಂಟೆ ಬಿಟ್ಟು, ಮತ್ತೆ ಕೆಚ್ಚಲು ನೀವಿ ನೋಡಿ.